ಸೊಂಟದಲ್ಲಿ ಗನ್ ಇದೆ ಅಂತ ಯಾರೋ ಫೋನ್ ಮಾಡಿದರೆ ಪೊಲೀಸರು ನಿಮ್ಮನ್ನು ತಡೆಯಬಹುದಾ?

ಓದುಗರ ಪ್ರಶ್ನೆ: ನಾನು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ. ವಯಸ್ಸು 34, ಎಚ್-1ಬಿ ಉದ್ಯೋಗ ವೀಸಾ. ಹೋದ ತಿಂಗಳು ಗೆಳೆಯ ಮನೆ ಬದಲಿಸುವಾಗ ಮಂಚ ಬಿಚ್ಚಲು ಸಹಾಯಕ್ಕೆ ಹೋಗಿದ್ದೆ. ರಾತ್ರಿ ಒಂಬತ್ತರ ಸುಮಾರಿಗೆ ಪಾರ್ಕಿಂಗ್‌ನಲ್ಲಿ ನಡೆದು ಬರುವಾಗ ಪೊಲೀಸ್ ಕಾರು ಬಂದು ನಿಂತಿತು. ಕೈ ಮೇಲೆತ್ತು ಅಂದರು, ಬೇಡಿ ಹಾಕಿದರು, ಜಾಕೆಟ್ ಮೇಲಿಂದ ಮೈಯೆಲ್ಲ ತಡವಿದರು. ಸಿಕ್ಕಿದ್ದು ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ ಕಾರ್ಡ್‌ಲೆಸ್ ಡ್ರಿಲ್. 'ಸೊಂಟದಲ್ಲಿ ಗನ್ ಇರುವ ಒಬ್ಬ ಓಡಾಡುತ್ತಿದ್ದಾನೆ' ಅಂತ ಯಾರೋ ತುರ್ತು ಸಹಾಯದ ನಂಬರ್ 911ಗೆ ಫೋನ್ ಮಾಡಿದ್ದರಂತೆ. ಆಮೇಲೂ ಜೇಬಿನಿಂದ ಪರ್ಸ್ ತೆಗೆದು ನೋಡಿದರು. ಕಾರು ನೋಡಬಹುದಾ ಅಂದರು, ನಾನು 'ಯೆಸ್ ಸರ್' ಅಂದೆ. 25 ನಿಮಿಷದ ನಂತರ ಬಿಟ್ಟರು. ಯಾರೋ ಒಬ್ಬರು ಫೋನ್ ಮಾಡಿದರೆ ಸಾಕಾ? ನಾನು ಬೇಡ ಅನ್ನಬಹುದಿತ್ತಾ? ವೀಸಾಗೆ ತೊಂದರೆ ಆಗುತ್ತದಾ? ಇನ್ನೊಂದು ವಿಷಯ, ನಾನು ದಿನಾ ಆಫೀಸಿಗೆ ಹೋಗುವುದು ಒಬ್ಬ ಸಹೋದ್ಯೋಗಿಯ ಕಾರಿನಲ್ಲಿ. ಅವನ ಹತ್ತಿರ ಗನ್ ಇರುತ್ತದೆ. ಹೆಂಡತಿಗೆ ಈಗ ನಾನು ಕತ್ತಲಾದ ಮೇಲೆ ಹೊರಗೆ ಹೋದರೂ ಭಯ.

ಉತ್ತರ: ಮೊದಲು ಒಂದು ಮಾತು. ನೀವು ಏನೂ ತಪ್ಪು ಮಾಡಿಲ್ಲ. ಡ್ರಿಲ್ ಹಿಡಿದು ನಡೆಯುವುದು ಅಪರಾಧ ಅಲ್ಲ. ಬೇಡಿ ಹಾಕಿಸಿಕೊಂಡ ಮನುಷ್ಯನಿಗೆ ಆಮೇಲೆ ತಿಂಗಳುಗಟ್ಟಲೆ 'ನಾನೇ ಏನೋ ಮಾಡಿರಬೇಕು' ಅನ್ನಿಸುತ್ತಿರುತ್ತದೆ. ವಕೀಲಿ ಮಾಡುವ ನನ್ನ ಹತ್ತಿರ ಬರುವವರಲ್ಲಿ ಇದನ್ನು ತುಂಬಾ ನೋಡಿದ್ದೇನೆ, ಅದಕ್ಕೇ ಮೊದಲೇ ಹೇಳಿದೆ.

ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಬೇರೆ ಬೇರೆ ವಿಷಯ ಇದೆ: ತಡೆದದ್ದು, ಮೈ ತಡವಿದ್ದು, ಪರ್ಸ್ ತೆಗೆದದ್ದು, ಕಾರು ನೋಡಿದ್ದು. ಜನ ಇದನ್ನೆಲ್ಲ ಒಟ್ಟಿಗೆ ಸೇರಿಸಿ 'ಪೊಲೀಸರು ಮಾಡಿದ್ದು ಸರಿಯಾ ತಪ್ಪಾ' ಅಂತ ಕೇಳುತ್ತಾರೆ. ಕೋರ್ಟ್ ಹಾಗೆ ನೋಡುವುದಿಲ್ಲ. ಒಂದೊಂದಕ್ಕೂ ಬೇರೆ ಕಾರಣ ಬೇಕು, ಒಂದು ಸರಿಯಿದ್ದ ಮಾತ್ರಕ್ಕೆ ಮುಂದಿನದು ಸರಿ ಆಗುವುದಿಲ್ಲ.

ಇದೆಲ್ಲ ಶುರುವಾದದ್ದು ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ, 1963ರ ಅಕ್ಟೋಬರ್ 31ರ ಮಧ್ಯಾಹ್ನ. ಮಾರ್ಟಿನ್ ಮೆಕ್‌ಫ್ಯಾಡನ್ ಅಂತ ಒಬ್ಬ ಪತ್ತೇದಾರ, 39 ವರ್ಷದ ಸರ್ವೀಸ್, ಅದರಲ್ಲಿ 30 ವರ್ಷ ಅದೇ ಪೇಟೆಯಲ್ಲಿ ಜೇಬುಗಳ್ಳರನ್ನು ಹಿಡಿಯುತ್ತಾ ಓಡಾಡಿದವರು. ಇಬ್ಬರು ಗಂಡಸರು ಒಂದೇ ಅಂಗಡಿಯ ಗಾಜಿನೊಳಗೆ ಇಣುಕುವುದು, ಸ್ವಲ್ಪ ದೂರ ನಡೆಯುವುದು, ವಾಪಸ್ ಬಂದು ಮತ್ತೆ ಇಣುಕುವುದು, ಮೂಲೆಯಲ್ಲಿ ನಿಂತು ಮಾತಾಡುವುದು. ಇಬ್ಬರದೂ ಸೇರಿ ಹತ್ತು ಹನ್ನೆರಡು ಸಲ ಹೀಗೇ ಆಯಿತು. ಮೂರನೆಯವನೊಬ್ಬ ಬಂದು ಮಾತಾಡಿ ಹೋದ. ದರೋಡೆಗೆ ಹೊಂಚು ಹಾಕುತ್ತಿದ್ದಾರೆ ಅಂತ ಮೆಕ್‌ಫ್ಯಾಡನ್‌ಗೆ ಅನ್ನಿಸಿತು. ಹತ್ತಿರ ಹೋಗಿ ಹೆಸರು ಕೇಳಿದರೆ ಗೊಣಗಿದಂತೆ ಏನೋ ಉತ್ತರ ಬಂತು. ಒಬ್ಬನನ್ನು ಹಿಡಿದು ತಿರುಗಿಸಿ ಕೋಟಿನ ಮೇಲಿಂದ ತಡವಿದಾಗ ಪಿಸ್ತೂಲು ಸಿಕ್ಕಿತು. ಅವನೇ ಜಾನ್ ಟೆರ್ರಿ. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1968ರ ಜೂನ್ 10ರಂದು ತೀರ್ಪು ಬಂತು. ಎಂಟು ಜಡ್ಜ್‌ಗಳು ಪೊಲೀಸರ ಪರ, ಡಗ್ಲಸ್ ಒಬ್ಬರೇ ವಿರುದ್ಧ. ಅದಕ್ಕೇ ಇವತ್ತಿಗೂ ಇದಕ್ಕೆ 'ಟೆರ್ರಿ ಸ್ಟಾಪ್' ಅಂತಲೇ ಹೆಸರು.

ಆ ತೀರ್ಪಿನ ತಿರುಳು ಇಷ್ಟು. ಬಂಧಿಸಲು ಬೇಕಾದಷ್ಟು ಬಲವಾದ ಕಾರಣ ಇಲ್ಲದಿದ್ದರೂ, ಅಪರಾಧ ನಡೆಯುತ್ತಿದೆ ಅಥವಾ ನಡೆಯಲಿದೆ ಅನ್ನುವುದಕ್ಕೆ ನ್ಯಾಯವಾದ ಅನುಮಾನ ಇದ್ದರೆ ಪೊಲೀಸ್ ಸ್ವಲ್ಪ ಹೊತ್ತು ತಡೆದು ವಿಚಾರಿಸಬಹುದು. ಆ ಮನುಷ್ಯನ ಹತ್ತಿರ ಆಯುಧ ಇದೆ, ಅವನಿಂದ ಅಪಾಯ ಇದೆ ಅಂತ ನಂಬಲು ಕಾರಣ ಇದ್ದರೆ ಬಟ್ಟೆಯ ಮೇಲಿಂದ ತಡವಿ ನೋಡಬಹುದು. ಎರಡಕ್ಕೂ ಖಚಿತವಾದ, ಬಾಯಿಬಿಟ್ಟು ಹೇಳಬಲ್ಲ ಸಂಗತಿಗಳು ಬೇಕು. 'ಯಾಕೋ ಅನ್ನಿಸಿತು' ಅನ್ನುವುದು ಸಾಲದು. ವಾರಂಟ್ ಬೇಕಾಗಿಲ್ಲ. ವಾರಂಟ್ ಇಲ್ಲದೆ ಮುಟ್ಟುವ ಹಾಗೇ ಇಲ್ಲ ಅಂತ ನಮ್ಮ ಹುಡುಗರು ತುಂಬಾ ಜನ ನಂಬಿಕೊಂಡಿದ್ದಾರೆ, ಅದು ತಪ್ಪು.

ಈಗ ಆ ಫೋನ್ ಕರೆ.

ನಿಮ್ಮದಕ್ಕೆ ತುಂಬಾ ಹತ್ತಿರದ ಕೇಸು ಒಂದಿದೆ. ಮಯಾಮಿಯಲ್ಲಿ 1995ರಲ್ಲಿ ಹೆಸರು ಹೇಳದ ಯಾರೋ ಪೊಲೀಸರಿಗೆ ಫೋನ್ ಮಾಡಿ, ಇಂಥ ಬಸ್ ಸ್ಟಾಪಿನಲ್ಲಿ ಚೌಕಳಿ ಅಂಗಿ ಹಾಕಿದ ಕಪ್ಪು ಹುಡುಗನ ಹತ್ತಿರ ಗನ್ ಇದೆ ಅಂದರು. ಪೊಲೀಸರು ಹೋದರು, ಅಂಗಿ ಗುರುತಿಸಿದರು, ತಡವಿದರು. ಗನ್ ನಿಜವಾಗಿಯೂ ಸಿಕ್ಕಿತು. ಹುಡುಗನಿಗೆ ಇನ್ನೂ 16 ತುಂಬಿರಲಿಲ್ಲ. ಆದರೂ 2000ದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ಆ ತಪಾಸಣೆ ತಪ್ಪು ಅಂದರು. ಬಸ್ ಸ್ಟಾಪಿನಲ್ಲಿ ಯಾರ ಅಂಗಿ ಹೇಗಿದೆ ಅಂತ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಹೇಳಬಹುದು. ಅದರಿಂದ 'ಗನ್ ಇದೆ' ಅನ್ನುವ ಮಾತು ನಿಜ ಅಂತ ಆಗುವುದಿಲ್ಲ. ಪೊಲೀಸರು ತಾವೇ ಅನುಮಾನ ಬರುವಂಥದ್ದು ಏನನ್ನೂ ನೋಡಿರಲಿಲ್ಲ. ಗನ್ ವಿಷಯ ಅಪಾಯದ್ದು, ಹಾಗಾಗಿ ನಿಯಮ ಸಡಿಲ ಮಾಡಿ ಅಂತ ಸರ್ಕಾರ ಕೇಳಿತು, ಕೋರ್ಟ್ ಒಪ್ಪಲಿಲ್ಲ. ಒಪ್ಪಿದ್ದರೆ ಆಗದವರು ಯಾರು ಬೇಕಾದರೂ ಒಂದು ಫೋನ್ ಮಾಡಿ ನಿಮಗೆ ನಡುರಸ್ತೆಯಲ್ಲಿ ಅವಮಾನ ಮಾಡಿಸಬಹುದಿತ್ತು, ಅಲ್ವಾ?

ಇಷ್ಟಕ್ಕೇ ಗೆದ್ದೆವು ಅಂದುಕೊಳ್ಳಬೇಡಿ. 2014ರಲ್ಲಿ ಕ್ಯಾಲಿಫೋರ್ನಿಯಾದ ಇನ್ನೊಂದು ಕೇಸಿನಲ್ಲಿ ಅದೇ ಕೋರ್ಟ್ 5-4ರಲ್ಲಿ ಬೇರೆ ಕಡೆ ವಾಲಿತು. ಅಲ್ಲಿ 911ಗೆ ಕರೆ ಮಾಡಿದವರು 'ಈಗ ತಾನೇ ಈ ಟ್ರಕ್ ನನ್ನನ್ನು ರಸ್ತೆಯಿಂದ ಆಚೆ ತಳ್ಳಿತು' ಅಂದಿದ್ದರು. ಕಣ್ಣಾರೆ ಕಂಡದ್ದು, ಆಗ ತಾನೇ ನಡೆದದ್ದು, ಮೇಲಾಗಿ 911 ಕರೆಯನ್ನು ಪತ್ತೆ ಹಚ್ಚಬಹುದಾದ್ದರಿಂದ ಸುಳ್ಳು ಹೇಳುವವರು ಹಿಂಜರಿಯುತ್ತಾರೆ. ಹಾಗಾಗಿ ಹೆಸರು ಹೇಳದ ಕರೆಯೂ ಸಾಕಾಯಿತು. ಕರೆ ಮಾಡಿದವರು ಹೆಸರು, ಮನೆ ನಂಬರ್ ಕೊಟ್ಟಿದ್ದರಂತೂ ಅದರ ತೂಕ ಇನ್ನೂ ಜಾಸ್ತಿ.

ಹಾಗಾಗಿ ನಿಮ್ಮ ವಿಷಯದಲ್ಲಿ ಎಲ್ಲವೂ ನಿಂತಿರುವುದು ಆ ರಾತ್ರಿ ಫೋನಿನಲ್ಲಿ ಹೇಳಿದ ಮಾತಿನ ಮೇಲೆ. ಬರೀ 'ಸೊಂಟದಲ್ಲಿ ಗನ್ ಇದೆ' ಅಂದಿದ್ದರೆ ಪೊಲೀಸರ ನೆಲೆ ದುರ್ಬಲ. 'ಗನ್ ತೆಗೆದು ತೋರಿಸಿದ', 'ಬಾಗಿಲು ಬಡಿದು ಬೈಯುತ್ತಿದ್ದಾನೆ' ಅಂತ ಏನಾದರೂ ಸೇರಿಸಿದ್ದರೆ ಲೆಕ್ಕ ಬೇರೆ. ಆ ಸೇರಿಸಿದ ಮಾತು ಸುಳ್ಳಾಗಿದ್ದರೂ ಲೆಕ್ಕ ಬೇರೆಯೇ, ಯಾಕೆಂದರೆ ಆ ಕ್ಷಣಕ್ಕೆ ಪೊಲೀಸರಿಗೆ ಏನು ಗೊತ್ತಿತ್ತು ಅನ್ನುವುದನ್ನೇ ಕೋರ್ಟ್ ನೋಡುತ್ತದೆ.

ಟೆಕ್ಸಾಸ್‌ನಲ್ಲಿ ಇದಕ್ಕೆ ಇನ್ನೊಂದು ಸುತ್ತು ಇದೆ. 2021ರ ಸೆಪ್ಟೆಂಬರ್ 1ರಿಂದ ಅಲ್ಲಿ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದ ಜನ ಲೈಸೆನ್ಸ್ ಇಲ್ಲದೆಯೇ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು. ಹೊರಗೆ ಕಾಣುವಂತಿದ್ದರೆ ಹೋಲ್‌ಸ್ಟರ್‌ನಲ್ಲಿ (ಗನ್ ಇಡುವ ಚೀಲ) ಇರಬೇಕು, ಅಷ್ಟೆ. ಹಾಗಾದರೆ 'ಅವನ ಸೊಂಟದಲ್ಲಿ ಗನ್ ಇದೆ' ಅನ್ನುವುದು ಯಾವ ಅಪರಾಧದ ಸುಳಿವು? ಈ ಪ್ರಶ್ನೆಗೆ ಕೋರ್ಟುಗಳು ಒಂದೇ ಉತ್ತರ ಕೊಟ್ಟಿಲ್ಲ. ಓಹಾಯೊದಲ್ಲಿ ಒಬ್ಬರು ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಗನ್ ಇಟ್ಟುಕೊಂಡು ನಾಯಿ ಜೊತೆ ನಡೆಯುತ್ತಿದ್ದರು, ಯಾರೋ 911ಗೆ ಫೋನ್ ಮಾಡಿದರು, ಪೊಲೀಸ್ ಬಂದು ಬೇಡಿ ಹಾಕಿದರು. 2015ರಲ್ಲಿ ಆ ಭಾಗದ ಫೆಡರಲ್ (ಕೇಂದ್ರದ) ಮೇಲ್ಮನವಿ ಕೋರ್ಟ್, ಕಾನೂನು ಒಪ್ಪಿರುವ ಕೆಲಸವನ್ನೇ ಅನುಮಾನಕ್ಕೆ ಕಾರಣ ಮಾಡಿಕೊಳ್ಳುವಂತಿಲ್ಲ ಅಂತ ಪೊಲೀಸರ ವಾದ ತಳ್ಳಿಹಾಕಿತು. ಪರ್ಮಿಟ್ ಕಡ್ಡಾಯ ಇರುವ ರಾಜ್ಯಗಳಲ್ಲಿ ಮಾತ್ರ ಕೆಲವು ಕೋರ್ಟುಗಳು, ಗನ್ ಕಂಡರೆ ಪರ್ಮಿಟ್ ಇದೆಯಾ ಅಂತ ತಡೆದು ಕೇಳಬಹುದು ಅನ್ನುತ್ತವೆ. ಆದ್ದರಿಂದ 'ಗನ್ ಕಾನೂನುಬದ್ಧ ಆದರೆ ಯಾರೂ ತಡೆಯುವ ಹಾಗಿಲ್ಲ' ಅನ್ನುವ ಮಾತು ಅರ್ಧ ಸತ್ಯ. ಬೇರೆ ಕಾರಣಕ್ಕೆ, ಉದಾಹರಣೆಗೆ ಸೀಟ್ ಬೆಲ್ಟ್ ಹಾಕಿಲ್ಲ ಅಂತ ಕಾನೂನುಬದ್ಧವಾಗಿ ಕಾರು ನಿಲ್ಲಿಸಿದ ಮೇಲೆ ಒಳಗಿರುವವನ ಹತ್ತಿರ ಗನ್ ಇದೆ ಅಂತ ಅನುಮಾನ ಬಂದರೆ, ಗನ್ ಇರುವುದೇ ಅಪಾಯ, ತಡವಬಹುದು ಅಂತ 2017ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್ ಹೇಳಿದೆ.

ತಡವಿದ ರೀತಿಗೂ ಮಿತಿ ಇದೆ. ಬಟ್ಟೆಯ ಹೊರಗಿನಿಂದ, ಆಯುಧಕ್ಕಾಗಿ ಮಾತ್ರ. ಆಯುಧ ಇರಬಹುದು ಅನ್ನಿಸುವ ಗಟ್ಟಿ ವಸ್ತು ಸಿಕ್ಕಿದರೆ ಹೊರಗೆ ತೆಗೆಯಬಹುದು, ಹಾಗಾಗಿ ನಿಮ್ಮ ಡ್ರಿಲ್ ತೆಗೆದದ್ದಕ್ಕೆ ನನ್ನ ತಕರಾರಿಲ್ಲ. ಕತ್ತಲಲ್ಲಿ ಜಾಕೆಟ್ ಕೆಳಗೆ ಡ್ರಿಲ್‌ನ ಹಿಡಿ ಪಿಸ್ತೂಲಿನ ಹಿಡಿಯ ಹಾಗೇ ಕೈಗೆ ಸಿಗುತ್ತದೆ. ಆದರೆ ಪರ್ಸ್? ಅದು ಆಯುಧ ಅಲ್ಲ ಅಂತ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. 1993ರಲ್ಲಿ ಮಿನೆಸೋಟದ ಒಂದು ಕೇಸಿನಲ್ಲಿ ಪೊಲೀಸ್ ಒಬ್ಬರು ಜೇಬಿನಲ್ಲಿದ್ದ ಸಣ್ಣ ಗಂಟು ಆಯುಧ ಅಲ್ಲ ಅಂತ ಗೊತ್ತಾದ ಮೇಲೂ ಅದನ್ನು ಹಿಸುಕಿ, ಜರುಗಿಸಿ ನೋಡಿದರು. ಅದು ಮಾದಕ ವಸ್ತುವೇ ಆಗಿತ್ತು. ಆದರೂ ಅಷ್ಟು ದೂರ ಹೋಗುವಂತಿರಲಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಡ್ರಿಲ್ ಅಂತ ಗೊತ್ತಾದ ಮೇಲೆ ಏನಾಯಿತು ಅನ್ನುವುದೇ ನನ್ನ ದೃಷ್ಟಿಯಲ್ಲಿ ನಿಮ್ಮ ಕೇಸಿನ ಮುಖ್ಯ ಭಾಗ. ಅನುಮಾನ ಹುಟ್ಟಿದ್ದು ಗನ್ ಬಗ್ಗೆ. ಗನ್ ಇಲ್ಲ ಅಂತ ಆಯಿತು. ಅಲ್ಲಿಗೆ ಕೆಲಸ ಮುಗಿಯಿತು, ಬೇಡಿ ಬಿಚ್ಚಿ ಕಳಿಸಬೇಕು. ಇಂಥ ತಡೆಗೆ ಇಷ್ಟೇ ನಿಮಿಷ ಅಂತ ಗೆರೆ ಇಲ್ಲ. 1985ರ ಒಂದು ಕೇಸಿನಲ್ಲಿ 20 ನಿಮಿಷವನ್ನೂ ಒಪ್ಪಿದ್ದಾರೆ. ಆದರೆ 2015ರಲ್ಲಿ, ಟ್ರಾಫಿಕ್ ತಪ್ಪಿಗೆ ಕಾರು ನಿಲ್ಲಿಸಿ ಆ ಕೆಲಸ ಮುಗಿದ ಮೇಲೆ ಮಾದಕ ವಸ್ತು ಇದೆಯಾ ಅಂತ ನಾಯಿಯಿಂದ ಮೂಸಿಸಲು ಏಳೆಂಟು ನಿಮಿಷ ಹೆಚ್ಚು ನಿಲ್ಲಿಸಿಕೊಂಡದ್ದೂ ತಪ್ಪು ಅಂದಿದ್ದಾರೆ. ಬೇಡಿ ಹಾಕಿದ ಮಾತ್ರಕ್ಕೆ ಅರೆಸ್ಟ್ ಆಯಿತು ಅಂತಲ್ಲ, ಗನ್ ಅನುಮಾನ ಇದ್ದಾಗ ಸ್ವಲ್ಪ ಹೊತ್ತು ಹಾಕುವುದನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುತ್ತವೆ. 25 ನಿಮಿಷದಲ್ಲಿ ಡ್ರಿಲ್ ಸಿಕ್ಕಿದ್ದು ಯಾವಾಗ? ಮೂರನೇ ನಿಮಿಷಕ್ಕಾ? ಉಳಿದ 22 ನಿಮಿಷಕ್ಕೆ ಅವರು ಕಾರಣ ಕೊಡಬೇಕು.

ಕಾರಿನ ವಿಷಯ ನೋವಿನದು. ನೀವು 'ಯೆಸ್ ಸರ್' ಅಂದಿರಿ. ನಮ್ಮಲ್ಲಿ ದೊಡ್ಡವರಿಗೆ, ಯೂನಿಫಾರ್ಮ್ ಹಾಕಿದವರಿಗೆ ಇಲ್ಲ ಅನ್ನುವ ಅಭ್ಯಾಸ ಇಲ್ಲ. ಬಾಯಿ ತಾನಾಗಿ 'ನೋಡಿ ಸರ್' ಅಂದುಬಿಡುತ್ತದೆ. ಆ ಒಂದು ಮಾತಿಗೆ ಇಲ್ಲಿನ ಕಾನೂನಿನಲ್ಲಿ ತುಂಬಾ ತೂಕ ಇದೆ: ನೀವೇ ಒಪ್ಪಿದರೆ ಅನುಮಾನ, ಕಾರಣ ಯಾವುದೂ ಬೇಕಾಗಿಲ್ಲ. ಒಪ್ಪದಿರುವ ಹಕ್ಕು ನಿಮಗಿದೆ ಅಂತ ಪೊಲೀಸ್ ಮೊದಲೇ ತಿಳಿಸಬೇಕಾಗಿಯೂ ಇಲ್ಲ ಅಂತ 1973ರಲ್ಲೇ ತೀರ್ಪಾಗಿದೆ. ಬೇಡಿ ಹಾಕಿದ್ದಾಗ ಕೊಟ್ಟ ಒಪ್ಪಿಗೆ ನಿಜವಾದ ಒಪ್ಪಿಗೆಯಾ ಅಂತ ವಕೀಲರು ವಾದ ಮಾಡಬಹುದು, ಆದರೆ ಅದು ಕಷ್ಟದ ವಾದ.

ಸಿನಿಮಾದಲ್ಲಿ ನೋಡುವ 'ನಿಮಗೆ ಸುಮ್ಮನಿರುವ ಹಕ್ಕಿದೆ' ಅನ್ನುವ ಮಾತು ಕೂಡ ಈ ತರದ ತಡೆಗೆ ಬೇಕಿಲ್ಲ. ಅದು ಬಂಧನದಲ್ಲಿಟ್ಟು ವಿಚಾರಣೆ ಮಾಡುವಾಗ. ಅದನ್ನು ಓದಿ ಹೇಳಲಿಲ್ಲ, ಹಾಗಾಗಿ ತಡೆದದ್ದೇ ಅಕ್ರಮ ಅನ್ನುವವರ ಮಾತು ಕೇಳಬೇಡಿ.

ಹಾಗಾದರೆ ಆ ಕ್ಷಣದಲ್ಲಿ ಏನು ಮಾಡಬೇಕು? ನನ್ನ ಮಾತು ನೇರವಾಗಿ ಇದೆ: ಅವರು ಮಾಡುತ್ತಿರುವುದು ತಪ್ಪು ಅಂತ ನಿಮಗೆ ನೂರಕ್ಕೆ ನೂರು ಗೊತ್ತಿದ್ದರೂ ರಸ್ತೆಯಲ್ಲಿ ಅಡ್ಡ ಬರಬೇಡಿ. ಗನ್ ಇದೆ ಅಂತ ಕೇಳಿ ಬಂದವರ ಕಣ್ಣು ನಿಮ್ಮ ಕೈ ಮೇಲಿರುತ್ತದೆ. ಕೈ ಕಾಣುವಂತೆ ಇರಲಿ. ಡ್ರಿಲ್ ತೋರಿಸೋಣ ಅಂತ ಸೊಂಟಕ್ಕೆ ಕೈ ಹಾಕಲೇಬೇಡಿ, ಬಾಯಲ್ಲಿ ಹೇಳಿ. ಓಡಬೇಡಿ. ಅಪರಾಧ ಜಾಸ್ತಿ ಇರುವ ಜಾಗದಲ್ಲಿ ಪೊಲೀಸರನ್ನು ಕಂಡು ಓಡಿದರೆ ಅದನ್ನೂ ಅನುಮಾನಕ್ಕೆ ಸೇರಿಸಬಹುದು ಅಂತ 2000ದಲ್ಲಿ ಷಿಕಾಗೋದ ಕೇಸಿನಲ್ಲಿ ತೀರ್ಮಾನ ಆಗಿದೆ.

ಮೈ ಅಡ್ಡ ಬರಬಾರದು, ಮಾತು ಇರಲಿ. 'ಆಮ್ ಐ ಫ್ರೀ ಟು ಗೋ?' ಅಂತ ಕೇಳಿ. ಹೌದು ಅಂದರೆ ನಿಧಾನವಾಗಿ ಹೊರಡಿ. ಇಲ್ಲ ಅಂದರೆ ಅದು ಬರೀ ಮಾತುಕತೆ ಅಲ್ಲ, ತಡೆ ಅಂತ ದಾಖಲಾಯಿತು, ಅವರ ಎದೆ ಮೇಲಿನ ಕ್ಯಾಮೆರಾ ಅದನ್ನು ಕೇಳಿಸಿಕೊಂಡಿತು. ತಡವಲು ಬಂದರೆ, ಕಾರು ನೋಡಬಹುದಾ ಅಂದರೆ, 'ಐ ಡೋಂಟ್ ಕನ್ಸೆಂಟ್ ಟು ಎನಿ ಸರ್ಚ್' (ಯಾವ ತಪಾಸಣೆಗೂ ನನ್ನ ಒಪ್ಪಿಗೆ ಇಲ್ಲ) ಅಂತ ಒಂದೇ ಸಲ, ಸಮಾಧಾನದಿಂದ ಹೇಳಿ. ಆಮೇಲೂ ನೋಡಿದರೆ ನೋಡಲಿ. ಹೀಗೆ ಹೇಳುವುದರಲ್ಲೂ ಅಪಾಯ ಇಲ್ಲದಿಲ್ಲ. ಕೆಲವರ ದನಿ ಗಡುಸಾಗುತ್ತದೆ, ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಬಹುದು. ಆದರೂ ಹೇಳಿ ಅನ್ನುತ್ತೇನೆ, ಯಾಕೆಂದರೆ ಆಮೇಲೆ ವಾದ ಮಾಡಲು ನನ್ನಂಥವರ ಕೈಯಲ್ಲಿ ಉಳಿಯುವುದು ಆ ಒಂದು ವಾಕ್ಯ. ಹೆಸರು ಕೇಳಿದರೆ ಹೇಳಿ, ಸುಳ್ಳು ಹೆಸರು ಮಾತ್ರ ಎಂದಿಗೂ ಬೇಡ, ಅದು ಟೆಕ್ಸಾಸ್‌ನಲ್ಲಿ ಅಪರಾಧವೇ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿದ್ದೆ ಅನ್ನುವ ಪ್ರಶ್ನೆಗಳಿಗೆ ಉತ್ತರಿಸಲೇಬೇಕು ಅಂತ ಇಲ್ಲ. ನಿಮ್ಮಂಥ ಸರಳ ವಿಷಯದಲ್ಲಿ 'ಮಂಚ ಬಿಚ್ಚಲು ಬಂದಿದ್ದೆ, ಸೊಂಟದಲ್ಲಿರುವುದು ಡ್ರಿಲ್' ಅಂದರೆ ಬೇಗ ಬಗೆಹರಿಯುತ್ತದೆ. ಸ್ವಲ್ಪ ಗೋಜಲಿರುವ ವಿಷಯವಾದರೆ ವಕೀಲರ ಜೊತೆ ಮಾತಾಡುತ್ತೇನೆ ಅನ್ನಿ.

ಇಂಥ ತಡೆ ಎಷ್ಟು ಸಲ ಬರಿಗೈಯಲ್ಲಿ ಮುಗಿಯುತ್ತದೆ ಅಂತ ಗೊತ್ತಾದರೆ ನಿಮ್ಮ ಮನೆಯವರಿಗೂ ಸ್ವಲ್ಪ ಸಮಾಧಾನ ಆಗಬಹುದು. ನ್ಯೂಯಾರ್ಕ್ ನಗರದಲ್ಲಿ 2011 ಒಂದೇ ವರ್ಷ 6,85,724 ಸಲ ಜನರನ್ನು ತಡೆದಿದ್ದರು. 2013ರಲ್ಲಿ ಫೆಡರಲ್ ಜಡ್ಜ್ ಶೀರಾ ಶೀಂಡ್ಲಿನ್ ಆ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಅವರ ಮುಂದಿದ್ದ ಎಂಟೂವರೆ ವರ್ಷದ ಲೆಕ್ಕದಲ್ಲಿ, ಮೈ ತಡವಿದ ನೂರು ಸಲದಲ್ಲಿ ಆಯುಧ ಸಿಕ್ಕಿದ್ದು ಸುಮಾರು ಒಂದೂವರೆ ಸಲ. ಪೊಲೀಸರು ಹೀಗೆ ತಡೆದ ಜನರಲ್ಲಿ ನೂರಕ್ಕೆ 83 ಜನ ಕಪ್ಪು ಅಥವಾ ಹಿಸ್ಪಾನಿಕ್ ಜನ. ಏನೂ ತಪ್ಪು ಮಾಡದೆ ಕೈ ಮೇಲೆತ್ತಿ ನಿಂತವರು ನೀವೊಬ್ಬರೇ ಅಲ್ಲ.

ವೀಸಾ ವಿಷಯಕ್ಕೆ ಬರೋಣ. ತಡೆದು ಬಿಟ್ಟದ್ದು ಬಂಧನ ಅಲ್ಲ, ಕೇಸಿಲ್ಲ, ಎಚ್-1ಬಿಗೆ ತಾನಾಗಿ ಏನೂ ಆಗುವುದಿಲ್ಲ. ಆದರೆ ಮುಂದೆ ಗ್ರೀನ್ ಕಾರ್ಡ್ ಅರ್ಜಿ ತುಂಬುವಾಗ ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಿ. ಅಂಥ ಅರ್ಜಿಗಳಲ್ಲಿ 'ಅರೆಸ್ಟ್' ಜೊತೆಗೆ 'ಡಿಟೇನ್' (ತಡೆದು ನಿಲ್ಲಿಸಿಕೊಳ್ಳುವುದು) ಅನ್ನುವ ಪದವೂ ಬರುವುದುಂಟು. ಹಾಗಿದ್ದರೆ ಮುಚ್ಚಿಡಬೇಡಿ. ಏನೂ ಸಿಗದ ತಡೆಯಿಂದ ಅರ್ಜಿಗೆ ಧಕ್ಕೆ ಆಗುವುದು ಅಪರೂಪ, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಾತ್ರ ದೊಡ್ಡ ತೊಂದರೆ. ಇಮಿಗ್ರೇಷನ್ ವಕೀಲರಿಗೆ ಈಗಲೇ ಒಂದು ಮೇಲ್ ಹಾಕಿ ಇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಡ್ರಿಲ್ ಅಲ್ಲ, ಸಹೋದ್ಯೋಗಿಯ ಕಾರು. ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ತರದ ವೀಸಾದಲ್ಲಿ ಇರುವವರು ಗನ್ ಆಗಲಿ, ಗುಂಡು ಆಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ತರದ ಕೆಲವೇ ವಿನಾಯಿತಿಗಳಿವೆ. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಡ ಅನ್ನುವ ಮಾತು ನಿಮಗೆ ಅನ್ವಯಿಸುವುದಿಲ್ಲ. 2022ರ ತಿದ್ದುಪಡಿಯ ನಂತರ ಶಿಕ್ಷೆ 15 ವರ್ಷದವರೆಗೂ ಹೋಗಬಹುದು, ಗನ್ ಕೇಸಿನಲ್ಲಿ ಶಿಕ್ಷೆಯಾದರೆ ದೇಶದಿಂದ ಹೊರಗೆ ಹಾಕಲೂ ಅದೇ ಕಾರಣ ಸಾಕು. ಫ್ಲೋರಿಡಾದಲ್ಲಿ ಕಾಲೇಜಿನಿಂದ ಹೊರಬಿದ್ದು ವೀಸಾ ಸ್ಥಿತಿ ಕಳೆದುಕೊಂಡ ರೆಹೈಫ್ ಅನ್ನುವ ವಿದ್ಯಾರ್ಥಿ ಶೂಟಿಂಗ್ ರೇಂಜಿಗೆ ಹೋಗಿ ಗುರಿ ಹೊಡೆದದ್ದಕ್ಕೇ ಅಪರಾಧಿಯಾಗಿದ್ದ. ತನ್ನ ಸ್ಥಿತಿ ಅವನಿಗೆ ಗೊತ್ತಿತ್ತು ಅಂತ ಸರ್ಕಾರ ತೋರಿಸಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ವೀಸಾ ಯಾವುದು ಅಂತ ನಿಮಗೆ ಚೆನ್ನಾಗಿ ಗೊತ್ತು, ಹಾಗಾಗಿ ಆ ದಾರಿ ನಿಮಗಿಲ್ಲ. ವೀಕೆಂಡಿನಲ್ಲಿ ರೇಂಜಿಗೆ ಹೋಗಿ ಸುಮ್ನೆ ಒಂದು ಫೋಟೊ ತೆಗೆಸಿಕೊಂಡು ಹಾಕುವ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ಬೇರೆಯವರ ಕಾರಿನಲ್ಲಿ ಕೂತ ಮಾತ್ರಕ್ಕೆ ಗನ್ ನಿಮ್ಮದಾಗುವುದಿಲ್ಲ. ಅದು ಅಲ್ಲಿದೆ ಅಂತ ಗೊತ್ತಿದ್ದು, ಅದನ್ನು ನಿಮ್ಮ ಹತೋಟಿಗೆ ತೆಗೆದುಕೊಳ್ಳುವ ಶಕ್ತಿ ಮತ್ತು ಇರಾದೆ ಇತ್ತು ಅಂತ ತೋರಿಸಬೇಕು. ಆದರೆ ನಿಮ್ಮ ಮೊಣಕಾಲಿನ ಮುಂದಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಗನ್ ಇದ್ದರೆ ಅದನ್ನು ವಿವರಿಸುವ ಕಷ್ಟ ನಿಮ್ಮದು. ಟ್ರಾಫಿಕ್ ಪೊಲೀಸ್ ಕಾರು ನಿಲ್ಲಿಸಿದರೆ ಚಾಲಕನನ್ನಷ್ಟೇ ಅಲ್ಲ, ನಿಮ್ಮನ್ನೂ ಕೆಳಗಿಳಿಸಬಹುದು. ಅಪಾಯದ ಅನುಮಾನ ಇದ್ದರೆ ಕೂರುವ ಜಾಗದಲ್ಲೆಲ್ಲ ಆಯುಧ ಹುಡುಕಬಹುದು. 2016ರ ಜುಲೈ 6ರಂದು ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಪರ್ಮಿಟ್ ಇದ್ದವರು, ಗನ್ ಇದೆ ಅಂತ ಅವರೇ ಮರ್ಯಾದೆಯಿಂದ ಪೊಲೀಸರಿಗೆ ತಿಳಿಸಿದ್ದರು. ಕೆಲವೇ ಸೆಕೆಂಡಿನಲ್ಲಿ ಗುಂಡು ಹಾರಿತು, ಅವರು ಉಳಿಯಲಿಲ್ಲ. ಕಾರಿನಲ್ಲಿ ಅವರ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗು ಇದ್ದರು. ಹಾಗಾಗಿ ಸಹೋದ್ಯೋಗಿಗೆ ಸಂಕೋಚವಿಲ್ಲದೆ ಹೇಳಿ, 'ನನ್ನ ವೀಸಾ ಹೀಗಿದೆ, ಗನ್ ನಿನ್ನ ಮೈ ಮೇಲೆ ಇರಲಿ ಅಥವಾ ಡಿಕ್ಕಿಯಲ್ಲಿ ಬೀಗ ಹಾಕಿ ಇಡು' ಅಂತ. ಆಗಲ್ಲ ಅಂದರೆ ಬೇರೆ ದಾರಿಯಲ್ಲಿ ಆಫೀಸಿಗೆ ಹೋಗಿ. ಹಿಡಿದು ನೋಡು ಅಂತ ಕೈಗೆ ಕೊಟ್ಟರೆ ಮುಟ್ಟಬೇಡಿ.

ಕೊನೆಗೆ, ದೂರು ಕೊಡಬೇಕಾ? ಏನೂ ಸಿಗದೆ ಬಿಟ್ಟ ಕೇಸಿನಲ್ಲಿ ದಾರಿ ಎರಡು. ಇಲಾಖೆಯ ಒಳಗೇ ದೂರು ಕೊಡಬಹುದು. ಖರ್ಚಿಲ್ಲ, ಫಲ ಸಿಗುವುದು ಅಪರೂಪ, ಆದರೆ ದಾಖಲೆ ಉಳಿಯುತ್ತದೆ. ಇನ್ನೊಂದು ಫೆಡರಲ್ ಕೋರ್ಟಿನಲ್ಲಿ ನಾಗರಿಕ ಹಕ್ಕಿನ ದಾವೆ. ಟೆಕ್ಸಾಸ್‌ನಲ್ಲಿ ಅದಕ್ಕೆ ಎರಡು ವರ್ಷದ ಗಡುವು. ಇದೇ ತರದ ಸಂಗತಿ ತಪ್ಪು ಅಂತ ಹಿಂದೆಯೇ ಸ್ಪಷ್ಟವಾಗಿ ತೀರ್ಪಾಗಿರದಿದ್ದರೆ ಅಧಿಕಾರಿಗೆ ರಕ್ಷಣೆ ಸಿಗುತ್ತದೆ, ಹಾಗಾಗಿ ತುಂಬಾ ದಾವೆಗಳು ಅಲ್ಲೇ ಬೀಳುತ್ತವೆ. ಡ್ರಿಲ್ ಸಿಕ್ಕಿದ ಮೇಲಿನ ಆ ನಿಮಿಷಗಳನ್ನು ಕ್ಯಾಮೆರಾದಲ್ಲಿ ನೋಡದೆ ನಾನು ದಾವೆ ಹಾಕಿ ಅನ್ನುವುದಿಲ್ಲ.

ನೋಡಬೇಕಾದರೆ ಅದು ಉಳಿದಿರಬೇಕು. ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆಯಲ್ಲಿ ಆ ಪೊಲೀಸ್ ಇಲಾಖೆಗೆ ಒಂದು ಅರ್ಜಿ ಹಾಕಿ. ತಾರೀಕು, ಹೊತ್ತು, ಜಾಗ ಬರೆದು 911 ಕರೆಯ ಧ್ವನಿ, ಕರೆ ತೆಗೆದುಕೊಂಡವರು ಟೈಪ್ ಮಾಡಿದ ಟಿಪ್ಪಣಿ, ಅಲ್ಲಿಗೆ ಬಂದಿದ್ದ ಅಧಿಕಾರಿಗಳ ಕ್ಯಾಮೆರಾ ವಿಡಿಯೊ ಕೇಳಿ. ಇವನ್ನು ಇಲಾಖೆಗಳು ಕಾಯಂ ಇಟ್ಟುಕೊಳ್ಳುವುದಿಲ್ಲ, ಆಗಲೇ ಒಂದು ತಿಂಗಳು ಕಳೆದಿದೆ. ಅರ್ಜಿಯನ್ನು ಈ ವಾರವೇ ಕಳಿಸಿ.